ಶನಿವಾರ ಹೆಸರು ಬರೆದುಕೊಳ್ಳುವ ಕೆಲಸ

ಸಭೆಯಲ್ಲಿ ಪಾದ್ರಿಗೆ ನೆರವಾಗುವ ಉಪದೇಶಿಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದರೆ, ಪ್ರಸಂಗ ಮಾಡುವುದು ಹೇಗೆ ಎಂದು ಕೇಳುತ್ತಾರೆ. ಪ್ರಸಂಗ ಯಾರು ಬೇಕಾದರೂ ಮಾಡಬಹುದು. ಕೆಟ್ಟರೆ ಜನ ತೂಕಡಿಸುತ್ತಾರೆ, ಅಷ್ಟೆ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ದೇವಾಲಯದ ಪಕ್ಕದ ಕೋಣೆಯಲ್ಲಿ ಮೇಜು ಒರೆಸಿ, ಮಸಿಕುಡಿಕೆ ಇಟ್ಟು, ಬಾಗಿಲು ತೆರೆದು ಸುಮ್ಮನೆ ಕೂರುವುದು ಹೇಗೆಂದು ಯಾರೂ ಕೇಳುವುದಿಲ್ಲ. ಮೈಸೂರಿನ ನಮ್ಮ ಸಣ್ಣ ಲೂಥರನ್ ಸಭೆಯಲ್ಲಿ ಇಪ್ಪತ್ತೆಂಟು ವರ್ಷ ನಾನು ಮಾಡಿದ ಕೆಲಸಗಳಲ್ಲಿ ಕಷ್ಟವಾದದ್ದು ಅದೊಂದೇ. ನಾನು ಕೆಡಿಸಿದ್ದೂ ಅದನ್ನೇ.

ಸಭೆಯ ಚರಿತ್ರೆಯನ್ನು ಬರೆದುಕೊಡಿ ಎಂದು ಈಗಿನ ಹಿರಿಯರು ಕೇಳಿದ್ದರು. ಬರೆಯಲು ಕೂತು ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡೆ. ಸಭೆ ಹುಟ್ಟಿದ್ದು ಹೇಗೆ ಎನ್ನುವುದಕ್ಕೆ ನನ್ನ ಹತ್ತಿರ ಮೂರು ಕಥೆಗಳಿವೆ. ಮಂಡಿ ಮೊಹಲ್ಲಾದಲ್ಲಿ ಜಟಕಾ ಗಾಡಿ ಕಟ್ಟುತ್ತಿದ್ದ ದಾವೀದಪ್ಪನವರು, ಸಭೆಯ ಹಿರಿಯರು, ಹೇಳುತ್ತಿದ್ದ ಕಥೆ ಒಂದು. ಗಾಡಿ ಕಟ್ಟುವವರೇ ಆಗಿದ್ದ ಅವರ ತಂದೆ ತಮಿಳು ಸೀಮೆಯಿಂದ ಮೈಸೂರಿಗೆ ಬಂದಾಗ ಇಲ್ಲಿ ತಮ್ಮ ಪದ್ಧತಿಯ ಆರಾಧನೆ ಇಲ್ಲದ್ದಕ್ಕೆ ಕಣ್ಣೀರು ಹಾಕಿ, ಮಿಷನ್ನಿನವರಿಗೆ ಕಾಗದ ಬರೆದರಂತೆ. ದಾವೀದಪ್ಪನವರ ತಂಗಿ ರೂತಮ್ಮ, ಸೂಲಗಿತ್ತಿ ಕೆಲಸ ಕಲಿತು ಹೆಂಗಸರ ಆಸ್ಪತ್ರೆಯಲ್ಲಿದ್ದವರು, ಅದೇ ತಂದೆಯ ಬಗ್ಗೆ ಬೇರೆಯದೇ ಹೇಳುತ್ತಿದ್ದರು: "ಕಣ್ಣೀರೂ ಇಲ್ಲ ಮಣ್ಣೂ ಇಲ್ಲ. ಬೇರೆ ಸಭೆಯಾಗೆ ಮುಂದಿನ ಬೆಂಚು ಕೊಡ್ಲಿಲ್ಲ ಅಂತ ನಮ್ಮಪ್ಪ ಜಗಳ ಆಡ್ಕೊಂಡು ಬಂದ್ಬುಟ್ಟ. ಗಾಡಿ ಕೊಟ್ಟಿಗೆಯಾಗೆ ತಾನೇ ಪ್ರಾರ್ಥನೆ ಸುರು ಮಾಡ್ದ." ಮೂರನೆಯದು ನಮ್ಮ ಜರ್ಮನ್ ಪಾದ್ರಿ, ನಾವು ಅಯ್ಯನವರು ಎನ್ನುತ್ತಿದ್ದವರು, ತಮ್ಮ ವರದಿಯಲ್ಲಿ ಬರೆದದ್ದು: ದೇವರು ಮೈಸೂರಿನಲ್ಲಿ ಬಾಗಿಲು ತೆರೆದನು. ಅದರಲ್ಲಿ ಗಾಡಿ ಕಟ್ಟುವವನ ಹೆಸರೇ ಇಲ್ಲ. ಮೂರರಲ್ಲಿ ಒಂದನ್ನು ಆರಿಸಿ ಚರಿತ್ರೆ ಎಂದು ಕೊಟ್ಟರೆ ಓದುವವರಿಗೆ ಸುಲಭ. ನಾನು ಕೊಡುವುದಿಲ್ಲ. ಬದಲಿಗೆ, ನಾನು ಕೈಯಾರೆ ಮಾಡಿದ್ದನ್ನು, ಅದರಲ್ಲೂ ತಪ್ಪು ಮಾಡಿದ್ದನ್ನು ಬರೆಯುತ್ತೇನೆ. ತಪ್ಪುಗಳು ನನಗೆ ಹೆಚ್ಚು ಖಚಿತವಾಗಿ ನೆನಪಿವೆ.

ಕೆಲಸ ಇಷ್ಟು. ತಿಂಗಳಿಗೊಂದು ಭಾನುವಾರ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ. ಅದನ್ನು ತೆಗೆದುಕೊಳ್ಳುವವರು ಹಿಂದಿನ ಶನಿವಾರವೇ ಬಂದು ಹೆಸರು ಕೊಡಬೇಕು. ಊರಿನ ದೊಡ್ಡ ಸಭೆಗಳಲ್ಲಿ ಈ ರೂಢಿ ಇರಲಿಲ್ಲ. ರೋಮನ್ ಸಭೆಯವರು ಪಾಪನಿವೇದನೆಗೆ ಹೋಗುತ್ತಿದ್ದರು, ಅದು ಬೇರೆ. ನಮ್ಮಲ್ಲಿ ಪರದೆ ಇಲ್ಲ, ಗುಟ್ಟು ಇಲ್ಲ. ಮೇಜಿನ ಆಚೆ ಅಯ್ಯನವರು, ಪಕ್ಕದಲ್ಲಿ ಪುಸ್ತಕ ಹಿಡಿದು ನಾನು. ಬಂದವರು ತಮ್ಮ ಹೆಸರು ಹೇಳಬೇಕು. ಹುಟ್ಟಿದಾಗಿನಿಂದ ಅವರನ್ನು ನೋಡಿದ್ದರೂ ಹೇಳಬೇಕು. ಅಯ್ಯನವರು ಒಂದೇ ಪ್ರಶ್ನೆ ಕೇಳುವರು: ಯಾರ ಮೇಲಾದರೂ ಸಿಟ್ಟು ಇಟ್ಟುಕೊಂಡಿದ್ದೀರಾ? ಇಲ್ಲ ಎಂದರೆ ನಾನು ಹೆಸರು ಬರೆಯುವುದು. ಇದೆ ಎಂದರೆ, ಹೋಗಿ ರಾಜಿ ಮಾಡಿಕೊಂಡು ಬನ್ನಿ, ಆರು ಗಂಟೆಯವರೆಗೆ ಇಲ್ಲೇ ಇರುತ್ತೇವೆ ಎನ್ನುವುದು. ಶನಿವಾರ ಸಂಜೆ ನಮ್ಮ ಜನ ಒಬ್ಬರ ಮನೆಯಿಂದ ಒಬ್ಬರ ಮನೆಗೆ ಸರಸರ ನಡೆಯುವುದನ್ನು ನೋಡಿ ಬೀದಿಯವರು ನಗುತ್ತಿದ್ದರು.

ಅಯ್ಯನವರು ಕನ್ನಡವನ್ನು ಪುಸ್ತಕದಿಂದ ಕಲಿತವರು. ತರಕಾರಿಯವಳಿಗೆ, "ತಾವು ದಯಮಾಡಿ ಬದನೆಕಾಯಿಯನ್ನು ಅನುಗ್ರಹಿಸಬೇಕು" ಎಂದದ್ದನ್ನು ನಾನೇ ಕೇಳಿದ್ದೇನೆ. ಆ ಭಾಷೆಯಲ್ಲೇ ಬೈಯುತ್ತಿದ್ದುದರಿಂದ ಬೈಗುಳ ಚುಚ್ಚುತ್ತಿರಲಿಲ್ಲ. ಒಂದು ಸಲ ಮಾತ್ರ ಚುಚ್ಚಿತು.

ನಾನು ಕೆಲಸಕ್ಕೆ ಸೇರಿದ ಹೊಸತು. ಅಯ್ಯನವರು ಬೇರೆ ಊರಿಗೆ ಹೋಗಿದ್ದರಿಂದ ಶನಿವಾರ ಒಬ್ಬನೇ ಕೂತಿದ್ದೆ. ದಾವೀದಪ್ಪನವರು ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುವ ಕೆಲಸ ಅರ್ಧಕ್ಕೆ ಬಿಟ್ಟು, ಮಸಿ ಮೆತ್ತಿದ ಕೈಯಲ್ಲೇ ಬಂದರು. "ನಂದೂ ನಮ್ಮನೆಯೋರ್ದೂ ಬರ್ಕೊಂಬುಡಿ. ಅವಳು ಅಡುಗೆ ಮನೇಲವಳೆ," ಎಂದರು. ಹಿರಿಯರು. ಬರೆದುಕೊಂಡೆ. ಮಾರನೆಯ ದಿನ, ಊರಿಂದ ಮರಳಿದ್ದ ಅಯ್ಯನವರು ವೇದಿಯ ಹತ್ತಿರ ನಿಂತು ಹೆಸರುಗಳನ್ನು ಓದಿದಾಗ, ಅವರ ಹೆಂಡತಿ ಮಾರ್ತಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತರು. ಎತ್ತರದ ಹೆಂಗಸು, ಮೆಲುದನಿ.

"ನಾನು ಎಸ್ರು ಕೊಟ್ಟಿಲ್ಲ ಅಯ್ಯನೋರೆ. ನಂಗೆ ಪಕ್ಕದ ಮನೆಯೋರ ಮೇಲೆ ಸಿಟ್ಟೈತೆ. ನಮ್ಮ ಕೋಳಿ ಕೊಂದವ್ರೆ."

ಎಂದು ಹೇಳಿ ಕೂತುಬಿಟ್ಟರು. ದಾವೀದಪ್ಪನವರು ನೆಲ ನೋಡಿದರು. ಆರಾಧನೆ ಮುಗಿದ ಮೇಲೆ ಅಯ್ಯನವರು ನನ್ನನ್ನು ಕರೆದರು. "ಪೌಲ, ನೀನು ಬರೆಯುವವನು. ಕೊಡುವವನಲ್ಲ," ಎಂದರು. ಇನ್ನೂ ಏನೋ ಹೇಳಿದರು, ಮರೆತಿದ್ದೇನೆ. ಈ ಒಂದು ಮಾತನ್ನು ಹತ್ತು ವರ್ಷ ತಪ್ಪದೆ ಪಾಲಿಸಿದೆ. ಹನ್ನೊಂದನೆಯ ವರ್ಷದ ಮಾತು ಮುಂದೆ ಬರುತ್ತದೆ.

ಜರ್ಮನಿಯ ಜೊತೆ ಯುದ್ಧ ಶುರುವಾಯಿತು. ಸರ್ಕಾರದವರು ಊರಿನಲ್ಲಿದ್ದ ಜರ್ಮನರನ್ನು ಕರೆದುಕೊಂಡು ಹೋಗುವಾಗ ನಮ್ಮ ಅಯ್ಯನವರನ್ನೂ ಕರೆದೊಯ್ದರು. ರೈಲ್ವೆ ಸ್ಟೇಷನ್ನಿಗೆ ನಾನು, ನನ್ನ ಹೆಂಡತಿ ಎಸ್ತರ್, ದಾವೀದಪ್ಪ, ರೂತಮ್ಮ ಹೋಗಿದ್ದೆವು. ಬೆಳಿಗ್ಗೆ ಹತ್ತರ ಬಿಸಿಲು. ಅಯ್ಯನವರು ಕಿಟಕಿಯಿಂದ ಬಾಗಿ, "ಪೌಲ, ಶನಿವಾರ ಬಿಡಬೇಡ," ಎಂದರು. ಈ ಮಾತನ್ನು ನಾನು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಎಸ್ತರ್ ಪ್ರತಿ ಸಲವೂ ಸುಮ್ಮನೆ ಕೇಳುತ್ತಿದ್ದಳು. ಮೊನ್ನೆ, ನಾನು ಇದನ್ನು ಬರೆಯುತ್ತಿದ್ದಾಗ, ಹೇಳಿದಳು: "ಅವರು ಅಂದಿದ್ದು ಅದಲ್ಲ ಕಣ್ರೀ. ಬಾವಿಗೆ ಹಲಗೆ ಮುಚ್ಚೋದು ಮರೀಬೇಡ ಅಂದ್ರು. ದನ ಬೀಳ್ತದೆ ಅಂತ." ಇರಬಹುದು. ಬಾವಿಗೆ ಹಲಗೆಯನ್ನೂ ನಾನು ಮುಚ್ಚಿಸಿದ್ದೆ. ಅವರು ಹೇಳಿದರೋ ಇಲ್ಲವೋ, ಶನಿವಾರ ಬಿಡಬಾರದೆಂದು ನಾನು ತೀರ್ಮಾನಿಸಿದ್ದು ಆ ಪ್ಲಾಟ್‌ಫಾರಂ ಮೇಲೆಯೇ. ಅದಕ್ಕೆ ಮಾತ್ರ ಸಾಕ್ಷಿ ಬೇಡ.

ಉಪದೇಶಿಗೆ ಕರ್ತನ ಭೋಜನ ಬಡಿಸುವ ಅಧಿಕಾರವಿಲ್ಲ. ದೀಕ್ಷೆ ಪಡೆದ ಅಯ್ಯನವರೇ ಬೇಕು. ನಾನು ಪ್ರಾರ್ಥನೆ ನಡೆಸಬಹುದು, ಪ್ರಸಂಗ ಓದಬಹುದು, ಹೆಣ ಹೂಳಬಹುದು. ಹಾಗಾಗಿ ಅಯ್ಯನವರು ಹೋದ ಮೇಲೆ ನಮ್ಮ ಸಭೆಯಲ್ಲಿ ಭೋಜನವಿಲ್ಲ. ಆದರೂ ತಿಂಗಳ ಮೊದಲ ಶನಿವಾರ ಮೂರು ಗಂಟೆಗೆ ಮೇಜು ಒರೆಸಿ ಕೂತೆ. ಹೆಸರು ಬರೆದುಕೊಂಡೆ. ಮೊದಲ ತಿಂಗಳು ಬಹುತೇಕ ಎಲ್ಲರೂ ಬಂದರು. ಆಮೇಲೆ ಕೆಲವರು ಕೇಳತೊಡಗಿದರು.

"ಊಟ ಇಲ್ದೆ ಎಲೆ ಹಾಕ್ಕೊಂಡು ಕೂತಿದ್ದೀರಲ್ಲ ಉಪದೇಶಿಗಳೇ," ಎಂದರು ದಾವೀದಪ್ಪನವರು.

"ಎಲೆ ಎತ್ತಿಬಿಟ್ಟರೆ ಊಟ ಬಂದಾಗ ಯಾರೂ ಇರುವುದಿಲ್ಲ," ಎಂದೆ.

"ಅದೂ ಸರಿ ಅನ್ನಿ," ಎಂದು ನಕ್ಕು ಹೆಸರು ಕೊಟ್ಟರು.

ಪಕ್ಕದ ದೊಡ್ಡ ಮಿಷನ್ನಿನವರು ಸಜ್ಜನರು. ನಮ್ಮ ಮೇಲೆ ಅವರಿಗೆ ದ್ವೇಷವಿರಲಿಲ್ಲ. "ನೀವು ಯಾಕೆ ಕಷ್ಟಪಡುತ್ತೀರಿ, ನಮ್ಮ ಜೊತೆ ಬಂದುಬಿಡಿ" ಎಂದು ಕರೆದರು. ಕೆಲವು ಕುಟುಂಬಗಳು ಹೋದವು. ನಾನು ತಡೆಯಲಿಲ್ಲ. ಆದರೆ ನನಗೆ ಒಂದು ಹಟ ಹಿಡಿಯಿತು. ನಮ್ಮ ಸಭೆ ಚಿಕ್ಕದು. ಬೀದಿಯವರಿಗೆ ಅದರ ವಿಳಾಸವೂ ಸರಿಯಾಗಿ ಗೊತ್ತಿಲ್ಲ. ಜಟಕಾದವನಿಗೆ "ಹುಣಸೆಮರದ ಹಿಂದೆ" ಎಂದರೇ ತಿಳಿಯುವುದು. ಆದರೂ ಒಬ್ಬ ಮನುಷ್ಯ ಬಂದು ತನ್ನ ಬಾಯಿಂದ ತನ್ನ ಹೆಸರು ಹೇಳಿ, ಸಿಟ್ಟು ಇದೆಯೋ ಇಲ್ಲವೋ ಎಂದು ಉತ್ತರ ಕೊಡುವ ಕೋಣೆ ಮೈಸೂರಿನಲ್ಲಿ ಇದೊಂದೇ ಎಂದು ನಾನು ನಂಬಿದ್ದೆ. ಆ ಕೋಣೆ ಮುಚ್ಚಬಾರದು. ನನ್ನ ಹಟ ಅಷ್ಟೇ. ಅದರಲ್ಲಿ ಭಕ್ತಿ ಎಷ್ಟು, ನನ್ನ ಕುರ್ಚಿಯ ಮೇಲಿನ ಆಸೆ ಎಷ್ಟು ಎಂದು ಆಗ ನಾನು ಬೇರೆ ಮಾಡಿ ನೋಡಲಿಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಬಂತು. ಆ ವಾರಗಳನ್ನು ಸಾಲಾಗಿ ಬರೆಯಲು ನನ್ನಿಂದಾಗದು. ನೆನಪು ಇರುವುದು ತುಂಡು ತುಂಡಾಗಿ. ಬೀದಿಯಲ್ಲಿ ಹಾಲಿನವನಿಲ್ಲ. ಗುಂಡಿ ತೋಡುವವರು ಕೆಮ್ಮುತ್ತಾ ತೋಡುವುದು. ರೂತಮ್ಮ ಸೆರಗು ಮೂಗಿಗೆ ಕಟ್ಟಿಕೊಂಡು, ಕೈಯಲ್ಲಿ ಗಂಜಿಯ ಪಾತ್ರೆ ಹಿಡಿದು, ಊರಂಚಿನ ಕೆಸರೆಯ ಕಡೆಯಿಂದ ಮನೆಮನೆ ಹೊಕ್ಕು ಬರುವುದು. ಆಕೆ ವಿಧವೆ, ಕೆಸರೆಯಲ್ಲಿ ಒಬ್ಬರೇ ಇದ್ದರು. ಯಾರ ಮನೆ ಎಂದು ನೋಡುತ್ತಿರಲಿಲ್ಲ, ಯಾವ ಮತ ಎಂದೂ ನೋಡುತ್ತಿರಲಿಲ್ಲ.

ಮಾರ್ತಮ್ಮನವರಿಗೆ ಜ್ವರ ಬಂದ ದಿನ ರೂತಮ್ಮ ಅಣ್ಣನ ಮನೆಗೆ ಹೋದರು. ದಾವೀದಪ್ಪನವರು ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ, "ನೀನು ಎಲ್ಲೆಲ್ಲಿ ಓಗಿದ್ದೀಯೋ, ಇಲ್ಲಿಗೆ ಬರ್ಬೇಡ," ಎಂದರು. ರೂತಮ್ಮ ಗಂಜಿಯನ್ನು ಹೊಸಿಲ ಮೇಲಿಟ್ಟು ಹೋದರು. ಮೂರನೆಯ ದಿನ ಮಾರ್ತಮ್ಮ ತೀರಿಕೊಂಡರು. ನಾನೇ ಪ್ರಾರ್ಥನೆ ಓದಿ ಹೂಳಿದೆ. ಸಮಾಧಿಯ ಪುಸ್ತಕದಲ್ಲಿ ನಾನೇ ಬರೆದೆ. ರೂತಮ್ಮ ಸ್ಮಶಾನದ ಗೋಡೆಯ ಆಚೆ ನಿಂತಿದ್ದರು, ಒಳಗೆ ಬರಲಿಲ್ಲ. ಆಮೇಲೆ ಅಣ್ಣ ತಂಗಿ ಮಾತಾಡಲಿಲ್ಲ. ಬಾಗಿಲು ತೆಗೆದಿದ್ದರೆ ಅತ್ತಿಗೆ ಬದುಕುತ್ತಿದ್ದಳು ಎಂದು ರೂತಮ್ಮ. ಅವಳೇ ಊರಿನ ಜ್ವರವನ್ನೆಲ್ಲ ಹೊತ್ತು ತಿರುಗಿದಳು ಎಂದು ದಾವೀದಪ್ಪ. ಇಬ್ಬರೂ ಶನಿವಾರ ಹೆಸರು ಕೊಡುವುದನ್ನು ಬಿಟ್ಟರು. ಅವರು ಬಿಟ್ಟದ್ದನ್ನು ನೋಡಿ ಇನ್ನಷ್ಟು ಜನ ಬಿಟ್ಟರು.

ನನ್ನ ಹನ್ನೊಂದನೆಯ ವರ್ಷ ಇಲ್ಲಿ ಬರುತ್ತದೆ.

ಜ್ವರದ ತಿಂಗಳು ನಾನೂ ಮಲಗಿದ್ದೆ. ಎದ್ದ ಮೇಲೆ, ಆ ತಿಂಗಳ ಪುಟ ಖಾಲಿ ಇರಬಾರದೆಂದು, ಹಿಂದಿನ ತಿಂಗಳ ಹೆಸರುಗಳನ್ನು ನೋಡಿ ಬರೆದೆ. ಬಂದಿದ್ದರೆ ಇವರೇ ತಾನೇ ಬರುತ್ತಿದ್ದರು ಎಂದುಕೊಂಡೆ. ಮುಂದಿನ ತಿಂಗಳು ಆರು ಜನ ಬಂದರು. ಆರು ಹೆಸರು ಬರೆದು ಪುಟ ನೋಡಿದೆ. ಬಹಳ ಬಿಳಿ ಇತ್ತು. ಉಳಿದವರ ಹೆಸರನ್ನೂ ಬರೆದೆ. ಹೀಗೆ ಒಂದಲ್ಲ ಎರಡಲ್ಲ, ಎರಡು ವರ್ಷ. ಶುರುವಿನಲ್ಲಿ ತಿಂಗಳಿಗೆ ಇಪ್ಪತ್ತೇಳು ಹೆಸರು. ದಾವೀದಪ್ಪ ಮತ್ತು ರೂತಮ್ಮ, ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವವರು, ನನ್ನ ಪುಸ್ತಕದಲ್ಲಿ ಒಬ್ಬರ ಕೆಳಗೆ ಒಬ್ಬರು. ಅವರ ನಡುವೆ ಮೊದಲ ಏಳು ತಿಂಗಳು ಮಾರ್ತಮ್ಮ. ಹಿಂದಿನ ಪುಟ ನೋಡಿ ಬರೆಯುವ ಕೈಗೆ ಯಾರು ಸತ್ತರು ಯಾರು ಬದುಕಿದರು ಎಂದು ತಿಳಿಯುವುದಿಲ್ಲ. ನಾನೇ ಮಣ್ಣು ಹಾಕಿದ ಹೆಂಗಸಿನ ಹೆಸರನ್ನು ಭೋಜನಕ್ಕೆ ಬರುವವರ ಸಾಲಿನಲ್ಲಿ ಏಳು ಸಲ ಬರೆದೆ. ಎಂಟನೆಯ ಸಲ ಬರೆಯುವಾಗ ಎಚ್ಚರವಾಯಿತು. ಆ ತಿಂಗಳಿಂದ ಅವರ ಹೆಸರು ಬಿಟ್ಟೆ, ಇಪ್ಪತ್ತಾರಾಯಿತು. ಹಿಂದಿನದನ್ನು ತಿದ್ದಲಿಲ್ಲ. ಉಳಿದವರನ್ನು ಬರೆಯುವುದನ್ನೂ ನಿಲ್ಲಿಸಲಿಲ್ಲ.

ಹೊಸಬರೇ, ಸುಳ್ಳು ಬರೆಯುವಾಗ ಸುಳ್ಳು ಎಂದು ಅನ್ನಿಸುವುದಿಲ್ಲ. ನನಗೆ ಸಭೆಯನ್ನು ಕಾಪಾಡುತ್ತಿದ್ದೇನೆ ಎಂದೇ ಅನ್ನಿಸುತ್ತಿತ್ತು. ಕೈಬರಹ ಆ ಎರಡು ವರ್ಷಗಳದ್ದೇ ಅತ್ಯಂತ ದುಂಡಾಗಿದೆ.

ಆಗ ಕಾಗದ ಬಂತು. ನಮ್ಮ ಜರ್ಮನ್ ಮಿಷನ್ನಿನ ಕೆಲಸವನ್ನು ನೋಡಿಕೊಳ್ಳಲು ತಮಿಳು ಸೀಮೆಯ ಪಾದ್ರಿಗಳ ಒಂದು ಮಂಡಳಿ ಆಗಿತ್ತು. ಅಲ್ಲಿಂದ ಒಬ್ಬ ಪಾದ್ರಿಗಳು ಮೂರು ವಾರದ ನಂತರ ಮೈಸೂರಿಗೆ ಬರುತ್ತಾರೆ. ಶನಿವಾರ ಹೆಸರು ತೆಗೆದುಕೊಂಡು ಭಾನುವಾರ ಭೋಜನ ಕೊಡುತ್ತಾರೆ. ಸಭೆಯ ಪುಸ್ತಕಗಳನ್ನು ನೋಡುತ್ತಾರೆ. ಇಲ್ಲಿ ಜೀವವಿರುವ ಸಭೆ ಇದೆ ಎಂದು ಕಂಡರೆ ಇಟ್ಟುಕೊಳ್ಳುವುದು, ಇಲ್ಲವಾದರೆ ದೇವಾಲಯವನ್ನೂ ಜನರನ್ನೂ ಪಕ್ಕದ ಮಿಷನ್ನಿಗೆ ಒಪ್ಪಿಸುವುದು.

ಆರು ವರ್ಷ ಕಾದ ಊಟ. ಓದಿ ಮುಗಿಸಿದ ಕೂಡಲೇ ನನಗೆ ಹೊಳೆದದ್ದು ಊಟವಲ್ಲ, ಪುಸ್ತಕ. ಭೋಜನದ ಪುಸ್ತಕವನ್ನೂ ಸಮಾಧಿಯ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಯಾರಿಗಾದರೂ ತಿಳಿಯುತ್ತದೆ.

ದಾವೀದಪ್ಪನವರ ಗಾಡಿ ಕೊಟ್ಟಿಗೆಗೆ ಹೋಗಿ ಹೇಳಿದೆ. ಅವರ ಹೆಸರನ್ನು ಅವರಿಲ್ಲದೆ ಬರೆದಿದ್ದೇನೆ ಎಂದೆ. ಮಾರ್ತಮ್ಮನ ಹೆಸರಿನ ಮಾತು ನಾಲಿಗೆಯ ತುದಿಗೆ ಬಂದರೂ ಹೇಳಲಾಗಲಿಲ್ಲ.

ಅವರು ಉಳಿ ಕೆಳಗಿಟ್ಟರು. "ಪುಸ್ತಕದಾಗೆ ಎಷ್ಟೈತೆ?"

"ಇಪ್ಪತ್ತಾರು."

"ನಿಜವಾಗಿ ಎಷ್ಟು?"

"ಆರು, ಏಳು."

"ಅಂಗಾದ್ರೆ ಇಪ್ಪತ್ತಾರೇ ತೋರಿಸ್ಬುಡಿ. ಅವರೇನು ಮನೆಮನೆಗೆ ಬಂದು ಎಣಿಸ್ತಾರಾ? ಬೇಕಾದ್ರೆ ಹೊಸ ಪುಸ್ತಕದಾಗೆ ನೀಟಾಗಿ ನಕಲು ಮಾಡಿ. ನಮ್ಮಪ್ಪ ಕಟ್ಟಿದ ದೇವಾಲ್ಯ ಕಣ್ರೀ ಅದು. ಆರು ಜನ ಅಂದ್ರೆ ಬೀಗ ಹಾಕ್ಕೊಂಡು ಹೋಯ್ತಾರೆ."

ನಕಲು ಮಾಡಲು ಕೂತೆ. ಇದನ್ನು ಮುಚ್ಚಿಡುವುದಿಲ್ಲ. ಹೊಸ ಪುಸ್ತಕದಲ್ಲಿ ನಾಲ್ಕು ಪುಟ ಬರೆದೆ, ಮಾರ್ತಮ್ಮನನ್ನು ಬಿಟ್ಟು. ಆಮೇಲೆ ನಿಲ್ಲಿಸಿದೆ. ಮನಸ್ಸಾಕ್ಷಿ ಚುಚ್ಚಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಏನೆಂದರೆ, ಯುದ್ಧಕ್ಕೆ ಮೊದಲಿನ ಪುಸ್ತಕದ ಕಾಗದ ಹಳದಿಯಾಗಿ ಮೆತ್ತಗಾಗಿತ್ತು, ಹೊಸದು ಗರಿಗರಿ. ಯಾರನ್ನೂ ನಂಬಿಸಲಾಗುತ್ತಿರಲಿಲ್ಲ. ಮನಸ್ಸಾಕ್ಷಿ ಬಂದದ್ದು ಅದರ ಹಿಂದೆ, ಸ್ವಲ್ಪ ತಡವಾಗಿ. ಬಂದ ಮೇಲೆ ಮಾತ್ರ ಗಟ್ಟಿಯಾಗಿ ಕೂತಿತು.

ಮಾರನೆಯ ದಿನದಿಂದ ಹೊರಟೆ. ಮೂರು ವಾರ, ಪುಸ್ತಕದಲ್ಲಿದ್ದ ಪ್ರತಿ ಮನೆಗೂ. ಹೇಳುತ್ತಿದ್ದುದು ಒಂದೇ ಮಾತು: "ನಿಮ್ಮನ್ನು ಕೇಳದೆ ನಿಮ್ಮ ಹೆಸರು ಬರೆದಿದ್ದೇನೆ, ಅದು ನನ್ನ ತಪ್ಪು. ಪಾದ್ರಿಗಳು ಬರುತ್ತಾರೆ. ಬರುವ ಮನಸ್ಸಿದ್ದರೆ ನೀವೇ ಬಂದು ಹೇಳಿ. ಇನ್ನು ನಾನು ಬರೆಯುವುದಿಲ್ಲ." ಕೆಲವರು ನಕ್ಕರು. ಪಕ್ಕದ ಮಿಷನ್ನಿಗೆ ಸೇರಿದ್ದ, ಅಚ್ಚುಮೊಳೆ ಜೋಡಿಸುವ ಒಬ್ಬ ಕಂಪಾಸಿಟರು, "ನಾವು ಅಲ್ಲೂ ಇದ್ದೀವಿ, ಇಲ್ಲೂ ಇದ್ದೀವಿ ಅನ್ನಿ. ಎರಡೆರಡು ಸಭೆ ನಡೆಸೋಷ್ಟು ದೊಡ್ಡ ಮನುಷ್ಯ ಆಗ್ಬುಟ್ಟೆ ನಾನು," ಎಂದರು. ಒಂದು ಮನೆಯಲ್ಲಿ ಕುರ್ಚಿ ಕೊಡಲಿಲ್ಲ. ಕಾಲಲ್ಲಿ ಬೊಬ್ಬೆ ಎದ್ದವು. ಎಸ್ತರ್ ಎಣ್ಣೆ ಕಾಯಿಸಿ ಹಚ್ಚುತ್ತಾ, "ಬರೆಯುವಾಗ ಕೂತಲ್ಲೇ ಬರೆದಿರಿ. ಅಳಿಸೋಕೆ ನೋಡಿ ಎಷ್ಟು ನಡೀಬೇಕು," ಎಂದಳು.

ಕೆಸರೆಯಲ್ಲಿ ರೂತಮ್ಮ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದರು. ನನ್ನ ಮಾತನ್ನು ಕೇಳಿ ಮೊರವನ್ನು ನಿಲ್ಲಿಸಲಿಲ್ಲ.

"ಎಲ್ಲಿ ಬರೆದ್ರಿ ನನ್ನ ಎಸ್ರು?"

"ದಾವೀದಪ್ಪನವರ ಕೆಳಗೆ."

"ಅವನ ಕೆಳಗೆ." ಹೊಟ್ಟು ಊದಿದರು. "ಆಸ್ಪತ್ರೆಯಾಗೆ ನಾನು ಹಿಂಗೆ ಬರೆದಿದ್ರೆ, ಹುಟ್ಟದೇ ಇರೋ ಮಕ್ಕಳನ್ನ ರಿಜಿಸ್ಟ್ರಿಗೆ ಏರಿಸಿದ್ರೆ, ನನ್ನ ಕೆಲಸ ಇರ್ತಿತ್ತಾ ಉಪದೇಶಿಗಳೇ?"

"ಇರುತ್ತಿರಲಿಲ್ಲ."

"ಗೊತ್ತಲ್ಲ. ಓಗಿ ಬನ್ನಿ."

ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಶನಿವಾರ ಪಾದ್ರಿಗಳು ಬಂದರು. ಸಣಕಲು ದೇಹ, ಬಿಳಿ ಪೇಟ, ಮೊಳಕಾಲಿಗೆ ವಾತ. ಕೊಳ್ಳೇಗಾಲದಲ್ಲಿ ಕೆಲವು ವರ್ಷ ಇದ್ದವರಾದ್ದರಿಂದ ಕನ್ನಡ ಬರುತ್ತಿತ್ತು. ಅವರು ಕೂತ ಕೂಡಲೇ ಎರಡೂ ಪುಸ್ತಕಗಳನ್ನು ಮೇಜಿನ ಮೇಲಿಟ್ಟೆ.

"ಸ್ವಾಮಿ, ಇದರಲ್ಲಿ ಎರಡು ವರ್ಷದ್ದು ಸುಳ್ಳು."

"ಯಾರು ಬರೆದದ್ದು?"

"ನಾನೇ."

"ಏನಕ್ಕೆ?"

"ಬರುತ್ತಾರೆ ಅಂತ."

ಅವರು ಪುಟ ತಿರುಗಿಸಿದರು. ಆಮೇಲೆ ಸಮಾಧಿಯ ಪುಸ್ತಕ. ಎರಡರ ಮೇಲೂ ಒಂದೊಂದು ಬೆರಳಿಟ್ಟರು. "ಈ ಅಮ್ಮನವರು ತೀರಿದ ಮೇಲೂ ಏಳು ತಿಂಗಳು ಹೆಸರು ಕೊಟ್ಟಿದ್ದಾರೆ."

ನಾನು ಮಸಿಕುಡಿಕೆಯನ್ನು ಅವರ ಕಡೆ ಸರಿಸಿದೆ.

"ಬಿಳಿ ಹಾಳೆ ಒಂದು ಕೊಡಿ," ಎಂದರು. "ಬರುವವರು ಬರಲಿ."

ಕೂತೆವು. ಮೂರೂವರೆಯಾಯಿತು. ಮೊದಲು ಯಾವಾಗಲೂ ಬರುತ್ತಿದ್ದ ಆರು ಜನ ಬಂದರು. ಆಮೇಲೆ ಕುರ್ಚಿ ಕೊಡದ ಮನೆಯವರು, ಗಂಡ ಹೆಂಡತಿ ಇಬ್ಬರೂ, ಬೇರೆ ಬೇರೆಯಾಗಿ ಒಳಗೆ ಬಂದು ಬೇರೆ ಬೇರೆಯಾಗಿ ಹೆಸರು ಹೇಳಿದರು. ಕಂಪಾಸಿಟರು ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಹಾಳೆಯಲ್ಲಿ ಹತ್ತು ಹೆಸರು. ಪಾದ್ರಿಗಳೇ ಬರೆದುಕೊಳ್ಳುತ್ತಿದ್ದರು. ನನಗೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ನಾಲ್ಕೂವರೆಗೆ ದಾವೀದಪ್ಪನವರು ಬಂದು ಜಗಲಿಯ ಮೇಲೆ ಕೂತರು. ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ರೂತಮ್ಮ ಬಂದವರು ಅವರನ್ನು ದಾಟಿ ನೇರ ಒಳಗೆ ಬಂದು ನಿಂತರು.

"ಹೆಸರು?"

"ರೂತ."

"ಯಾರ ಮೇಲಾದರೂ ಸಿಟ್ಟು ಇದೆಯಾ?"

"ಐತೆ ಸ್ವಾಮಿ. ಅಗೋ, ಜಗಲಿ ಮೇಲೆ ಕೂತವ್ನಲ್ಲ ನಮ್ಮಣ್ಣ, ಅವನ ಮೇಲೆ."

ಪಾದ್ರಿಗಳು ದಾವೀದಪ್ಪನವರನ್ನು ಕರೆದರು. ಅವರು ಬಂದು ಮೇಜಿನ ಹತ್ತಿರ ನಿಂತಾಗ ಪುಸ್ತಕ ಇನ್ನೂ ತೆರೆದೇ ಇತ್ತು. ಮುಚ್ಚಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಅವರು ಓದಿಬಿಟ್ಟರು.

"ಇದೇನ್ರೀ ಇದು?" ಬೆರಳಿಟ್ಟರು. "ಮಾರ್ತ. ಇದು ಯಾವ ತಿಂಗಳ್ದು?"

"ಏಪ್ರಿಲ್."

"ಅವಳು ಓಗಿದ್ದು ಅದರ ಹಿಂದಲ ಅಕ್ಟೋಬರ್ನಾಗೆ."

"ಹೌದು. ನೋಡದೆ ಬರೆದೆ. ನಿಮಗೆ ಹೇಳಲು ಧೈರ್ಯ ಬರಲಿಲ್ಲ."

ಅವರು ನನ್ನನ್ನು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದರೆ ಹೊಡೆಸಿಕೊಳ್ಳುವುದು ಎಂದು ನಿಂತೆ. ಅಷ್ಟರಲ್ಲಿ ರೂತಮ್ಮ ಬಾಗಿ ನೋಡಿದರು.

"ಹೊಡೆದಾಕಿ ಉಪದೇಶಿಗಳೇ. ಸತ್ತೋರ್ನ ಸಾಲಿನಾಗೆ ನಿಲ್ಲಿಸ್ಬಾರ್ದು."

"ಬೇಡ," ಎಂದರು ದಾವೀದಪ್ಪ. "ಇರ್ಲಿ."

"ಇರ್ಲಿ ಅಂದ್ರೆ ಎಂಗೆ? ಬದುಕಿದ್ದಾಗ ಬಾಗ್ಲು ತೆಗೀಲಿಲ್ಲ, ಈಗ ಪುಸ್ತಕದಾಗೆ ಇಟ್ಕೋತೀಯಾ?"

ಎರಡು ವರ್ಷದ ನಂತರ ತಂಗಿ ಅಣ್ಣನಿಗೆ ಆಡಿದ ಮೊದಲ ಮಾತು ಇದು.

"ಒಳಕ್ಕೆ ಬಂದಿದ್ರೆ ನೀನೂ ಓಗ್ತಿದ್ದೆ ಕಣೆ."

"ನಾನು ಓಗ್ಲಿಲ್ವಲ್ಲ. ಊರೆಲ್ಲಾ ತಿರುಗ್ದೆ, ಏನಾಯ್ತು ನಂಗೆ?"

"ಅದು ಇವತ್ತು ಗೊತ್ತು. ಅವತ್ತು ಗೊತ್ತಿತ್ತಾ?" ದಾವೀದಪ್ಪನವರು ಪುಸ್ತಕದ ಮೇಲಿನ ಬೆರಳು ತೆಗೆದರು. "ನಿನ್ನಿಂದ ಅವಳಿಗೆ ಬರ್ತದೆ ಅಂತಲ್ಲ. ಅವಳಿಂದ ನಿಂಗೆ ಬರ್ತದೆ ಅಂತ. ಇಬ್ರೂ ಓಗ್ಬುಟ್ರೆ ನಾನೇನ್ ಮಾಡ್ಲಿ ಅಂತ ಬಾಗ್ಲು ಹಿಡ್ಕೊಂಡು ನಿಂತಿದ್ದೆ."

"ಸುಳ್ಳು ಹೇಳ್ತೀಯ."

"ಇರ್ಬೋದು," ಎಂದರು. "ಎರಡು ವರ್ಸ ಆಯ್ತು. ನಂಗೂ ಸರಿಯಾಗಿ ಗೊತ್ತಿಲ್ಲ."

ನಾನು ಆ ಕೋಣೆಯಲ್ಲಿ ಕೇಳಿದ ಉತ್ತರಗಳಲ್ಲಿ ಇದಕ್ಕಿಂತ ನೆಟ್ಟಗಿನದು ಇನ್ನೊಂದಿಲ್ಲ. ರೂತಮ್ಮ ಮೇಜಿನ ಕಡೆ ತಿರುಗಿದರು.

"ಬರ್ಕೊಳಿ ಸ್ವಾಮಿ ನನ್ನ ಎಸ್ರು."

"ಸಿಟ್ಟು?"

"ಅರ್ಧ ಓಗೈತೆ. ಅರ್ಧಕ್ಕೆ ಬರ್ಕೊಳಕ್ಕಾಯ್ತದಾ?"

ಪಾ‌ದ್ರಿಗಳು ಬರೆದುಕೊಂಡರು. ಯಾವ ಶಾಸ್ತ್ರದ ಪ್ರಕಾರ ಬರೆದುಕೊಂಡರೋ ನನಗೆ ಇಂದಿಗೂ ಗೊತ್ತಿಲ್ಲ. ಅದರ ಕೆಳಗೆ ದಾವೀದಪ್ಪ. ಆಮೇಲೆ ಎಸ್ತರ್ ಬಂದಳು. ಕೊನೆಗೆ ಪಾದ್ರಿಗಳು ನನ್ನ ಕಡೆ ತಿರುಗಿ, "ನಿಮ್ಮ ಹೆಸರು?" ಎಂದರು. ಹೇಳಿದೆ. ಒಟ್ಟು ಹದಿನಾಲ್ಕು. ಮಾರ್ತಮ್ಮನ ಹೆಸರನ್ನು ಅವರು ಹೊಡೆದು ಹಾಕಲಿಲ್ಲ. ಏಳೂ ಕಡೆ ಪಕ್ಕದಲ್ಲಿ ಆಕೆ ತೀರಿಕೊಂಡ ದಿನವನ್ನು ನನ್ನ ಕೈಯಿಂದಲೇ ಬರೆಸಿದರು. ಬರದಿದ್ದ ಉಳಿದವರ ಹೆಸರಿನ ಎದುರಿಗೂ "ಉಪದೇಶಿ ಬರೆದದ್ದು" ಎಂದು ಬರೆಯಬೇಕಾಯಿತು. ಪುಸ್ತಕ ಈಗಲೂ ಇದೆ, ನೋಡಬಹುದು.

ಭಾನುವಾರ ಆರು ವರ್ಷದ ಮೇಲೆ ರೊಟ್ಟಿ ಬಾಯಿಗೆ ಬಂತು. ಅದರ ರುಚಿ ವರ್ಣಿಸಬೇಕೆಂದು ಹಲವು ಸಲ ಪ್ರಯತ್ನಿಸಿದ್ದೇನೆ. ಒಣಗಿತ್ತು, ಅಂಗುಳಕ್ಕೆ ಅಂಟಿಕೊಂಡಿತು. ಉಳಿದದ್ದೆಲ್ಲ ನಾನು ಆಮೇಲೆ ಸೇರಿಸಿದ್ದು.

ಮಧ್ಯಾಹ್ನ ಹಿರಿಯರ ಎದುರಿಗೆ ಪಾದ್ರಿಗಳು ತೀರ್ಮಾನ ಹೇಳಿದರು. "ಹದಿನಾಲ್ಕು ಜನ ಸಾಕು. ಮೂರು ತಿಂಗಳಿಗೊಮ್ಮೆ ಬರುತ್ತೇನೆ. ದೇವಾಲಯ ಯಾರಿಗೂ ಒಪ್ಪಿಸುವುದಿಲ್ಲ." ದಾವೀದಪ್ಪನವರು ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಳ್ಳುವಷ್ಟರಲ್ಲಿ ಮುಂದಿನ ಮಾತು ಬಂತು. "ಉಪದೇಶಿಗಳು ತಮ್ಮ ಕೆಲಸದಲ್ಲಿ ಇರಲಿ. ಪುಸ್ತಕ ಮಾತ್ರ ಅವರ ಕೈಯಲ್ಲಿ ಬೇಡ. ಬರೆಯಲು ಬರುವವರು ಬೇರೆ ಯಾರಿದ್ದಾರೆ?"

"ನಮ್ಮ ರೂತ ಅವಳಲ್ಲ," ಎಂದರು ದಾವೀದಪ್ಪ. "ಆಸ್ಪತ್ರೆ ರಿಜಿಸ್ಟ್ರೆಲ್ಲ ಅವಳದೇ."

ಹೆಂಗಸು ಸಭೆಯ ಪುಸ್ತಕ ಹಿಡಿಯುವುದನ್ನು ಆಗ ಮೈಸೂರಿನಲ್ಲಿ ಯಾರೂ ಕಂಡಿರಲಿಲ್ಲ. ಒಬ್ಬ ಹಿರಿಯರು ಕೆಮ್ಮಿದರು. ಪಾದ್ರಿಗಳು ಮೊಳಕಾಲು ನೀವಿಕೊಳ್ಳುತ್ತಾ, "ಆಗಲಿ," ಎಂದರು.

ಮೂರು ತಿಂಗಳ ನಂತರದ ಶನಿವಾರ. ಪಾದ್ರಿಗಳ ರೈಲು ತಡವಾಗಿತ್ತು. ಆದರೆ ಕೋಣೆಯ ಬಾಗಿಲು ಮೂರು ಗಂಟೆಗೆ ಸರಿಯಾಗಿ ತೆರೆದಿತ್ತು. ಮೇಜನ್ನು ನಾನು ಒರೆಸಿರಲಿಲ್ಲ. ಒರೆಸಿ ಆಗಿತ್ತು. ಎಲ್ಲರೂ ಹೋದ ಮೇಲೆ ನಾನು ಒಳಗೆ ಹೋಗಿ, ಈ ತನಕ ಬೇರೆಯವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ.

"ಎಸ್ರು?" ಎಂದರು ರೂತಮ್ಮ, ತಲೆ ಎತ್ತದೆ.

"ಗೊತ್ತಿಲ್ಲವೇ ರೂತಮ್ಮನವರೇ?"

"ಗೊತ್ತಿದ್ದೋರು ಬರೆದಿದ್ದು ನೋಡಿದ್ದೀನಿ."

"ಪೌಲ."

"ಯಾರ ಮೇಲಾದ್ರೂ ಸಿಟ್ಟೈತಾ?"

ಇಲ್ಲ ಎನ್ನಬಹುದಿತ್ತು. ಹೆಸರು ಬರೆಸಿ, ಮನೆಗೆ ಹೋಗಿ ಕಾಫಿ ಕುಡಿಯಬಹುದಿತ್ತು.

"ಇದೆ," ಎಂದೆ. "ನಿಮ್ಮ ಮೇಲೆ. ಆ ಕುರ್ಚಿಯಲ್ಲಿ ಕೂತಿದ್ದೀರಲ್ಲ, ಅದಕ್ಕೆ."

ಅವರು ಲೇಖನಿ ಕೆಳಗಿಟ್ಟರು. ನಗಲಿಲ್ಲ. "ಅಂಗಾದ್ರೆ ಒರಗೆ ಜಗಲಿ ಮೇಲೆ ಕೂತ್ಕೊಳಿ. ಆರಿದ ಮೇಲೆ ಬನ್ನಿ. ಆರು ಗಂಟೆಗೆ ಬಾಗ್ಲು ಹಾಕ್ತೀನಿ."

ಹೊರಗೆ ಬಂದು ಕೂತೆ. ತಂಗಿಯನ್ನು ಮನೆಗೆ ಕರೆದೊಯ್ಯಲು ಗಾಡಿ ತಂದಿದ್ದ ದಾವೀದಪ್ಪನವರು ಸ್ವಲ್ಪ ಸರಿದು ಜಾಗ ಕೊಟ್ಟರು. ಐದು ಗಂಟೆಯಾಯಿತು. ಒಳಗೆ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು, ಸಿಟ್ಟು ಹೊಸದಾಗಿ ಬಂತು. ಐದೂವರೆಯಾಯಿತು. ಆರಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಎದ್ದು, ಒಳಗೆ ಹೋಗಿ, ಮೇಜಿನ ಮುಂದೆ ನಿಂತು, ನನ್ನ ಹೆಸರನ್ನು ಮತ್ತೆ ಮೊದಲಿನಿಂದ ಹೇಳಿದೆ.